ಪೆರಿಯಾರ್ ದಡದ ಗಂಡಸರ ಸಭೆ

1908ರಲ್ಲಿ ಪೆರಿಯಾರ್ ದಡದ ಆಲುವದಲ್ಲಿ ಕೇರಳದ ಬ್ರಾಹ್ಮಣರಾದ ನಂಬೂದಿರಿ ಗಂಡಸರು ಕೂಡಿ ಯೋಗಕ್ಷೇಮ ಸಭೆ ಕಟ್ಟಿದರು. ಹುಡುಗರು ಇಂಗ್ಲಿಷ್ ಕಲಿಯಬೇಕು, ಇಲ್ಲಂಗಳ, ಅಂದರೆ ತಮ್ಮ ಮನೆತನಗಳ, ಆಸ್ತಿ ಉಳಿಯಬೇಕು ಎಂಬುದು ಅವರ ಚಿಂತೆ. ಅವರ ಮನೆಯ ಹೆಂಗಸರು, ಅಂದರೆ ಅಂತರ್ಜನಗಳು, ಅಲ್ಲಿರಲಿಲ್ಲ. ಹೊಸ್ತಿಲು ದಾಟಿದರೆ ಮೈತುಂಬ ಹೊದಿಕೆ, ಮುಖಕ್ಕೆ ಮರೆಯಾಗಿ ಓಲೆಕೊಡೆ, ಮುಂದೊಬ್ಬ ದಾಸಿ ಬೇಕಾಗಿದ್ದ ಕಾಲ ಅದು.

ಕಾಸರಗೋಡಿನಿಂದ ಆಲುವಕ್ಕೆ ಬಂದು ನೆಲೆಸಿದ ನನಗೆ, ಆ ಸಭೆಗಿಂತ ಮೂರು ವರ್ಷ ಮೊದಲು ಪಕ್ಕದ ಕೊಚ್ಚಿ ಸೀಮೆಯಲ್ಲಿ ನಡೆದದ್ದೇ ಹೆಚ್ಚು ಕಾಡುತ್ತದೆ. ಆಗ ನಂಬೂದಿರಿಗಳಲ್ಲಿ ಹಿರಿಮಗನಿಗೆ ಮಾತ್ರ ಸ್ವಜಾತಿಯ ಮದುವೆ, ಅದೂ ಒಂದಕ್ಕಿಂತ ಹೆಚ್ಚು. ತಮ್ಮಂದಿರಿಗೆ ನಾಯರ್ ಮನೆಗಳ ಹೆಂಗಸರೊಡನೆ 'ಸಂಬಂಧಂ' ಎಂಬ ಕೂಡಿಕೆ. ಹೀಗಾಗಿ ಹುಡುಗಿ ಮುದುಕನಿಗೆ ಮೂರನೆಯವಳೋ ನಾಲ್ಕನೆಯವಳೋ ಆಗಬೇಕಿತ್ತು, ಇಲ್ಲವೇ ಕನ್ಯೆಯಾಗಿಯೇ ಸಾಯಬೇಕಿತ್ತು. ಅಂತರ್ಜನದ ಶೀಲದ ಮೇಲೆ ಸಂಶಯ ಬಂತೋ, ಸ್ಮಾರ್ತವಿಚಾರ ಎಂಬ ಜಾತಿ ವಿಚಾರಣೆ. ಮೊದಲು ದಾಸಿಯ ವಿಚಾರಣೆ. ಆಮೇಲೆ ಆ ಅಂತರ್ಜನವನ್ನು ಬೇರೆ ಕೋಣೆಯಲ್ಲಿ ಕೂಡಿಹಾಕಿ 'ಸಾಧನಂ', ಅಂದರೆ ವಸ್ತು, ಎಂದೇ ಕರೆಯುತ್ತಿದ್ದರು. ತಪ್ಪಿತಸ್ಥೆ ಎಂದಾದರೆ ಓಲೆಕೊಡೆ ಕಸಿದುಕೊಂಡು, ಬದುಕಿದ್ದಾಗಲೇ ಉತ್ತರಕ್ರಿಯೆ. ನಮ್ಮವರಿಗೆ ಇದು ಹೊಸತಲ್ಲ, ಅನಂತಮೂರ್ತಿಯವರ 'ಘಟಶ್ರಾದ್ಧ' ಓದಿದವರಿಗೆ ಗೊತ್ತು. ಕುಂಬಳೆ ಸೀಮೆಯ ನಮ್ಮ ಮನೆಯಲ್ಲೂ ಅಜ್ಜಿಯ ಅತ್ತೆ ವಿಧವೆಯಾಗಿ ಹದಿಹರೆಯದಲ್ಲೇ ತಲೆ ಬೋಳಿಸಿಕೊಂಡವರು.

1905ರಲ್ಲಿ ಕುರಿಯೇಡತ್ತ್ ತಾತ್ರಿ ಎಂಬ ಅಂತರ್ಜನ ಈ ಸ್ಮಾರ್ತವಿಚಾರಕ್ಕೆ ನಿಂತಳು. ತನ್ನೊಡನೆ ಇದ್ದ ಗಂಡಸರನ್ನು ಗುರುತುಸಹಿತ ಹೆಸರಿಸಿದಳು. ಕೊಚ್ಚಿಯ ರಾಜ ರಾಮವರ್ಮ ಗಂಡಸರನ್ನೂ ವಿಚಾರಿಸಲು ಒಪ್ಪಿದ. ಅರವತ್ತಕ್ಕೂ ಹೆಚ್ಚು ಮಂದಿಗೆ ಬಹಿಷ್ಕಾರವಾಯಿತು. ಅವರಲ್ಲಿ ಕಥಕಳಿಯ ಕಾವುಂಗಲ್ ಶಂಕರ ಪಣಿಕ್ಕರ್ ಕೂಡ ಒಬ್ಬರು.

ಈ ಪಟ್ಟಿಯನ್ನು ಜನ ಇಂದಿಗೂ ರುಚಿಯಿಂದ ಹೇಳುತ್ತಾರೆ. ನನಗದು ಸಹಿಸಲಾಗದು. ಅವಳ ಮನಸ್ಸಿನೊಳಗೆ ಏನಿತ್ತು ಎಂದು ಕೇಳಿದವರು ಬಹಳ ಕಡಿಮೆ. 1938ರಲ್ಲಿ ಲಲಿತಾಂಬಿಕಾ ಅಂತರ್ಜನಂ 'ಪ್ರತಿಕಾರದೇವತೆ' ಕಥೆಯಲ್ಲಿ ಕೇಳಿದರು, ಒಬ್ಬ ಅಂತರ್ಜನವಾಗಿಯೇ.

ಅಷ್ಟರಲ್ಲಿ ಇಲ್ಲಂಗಳು ಅಲುಗಾಡತೊಡಗಿದ್ದವು. 1929ರಲ್ಲಿ ವಿ.ಟಿ. ಭಟ್ಟತಿರಿಪ್ಪಾಡರ 'ಅಡುಗೆಮನೆಯಿಂದ ರಂಗಕ್ಕೆ' ನಾಟಕ ತ್ರಿಶೂರಿನ ಎಡಕ್ಕುನ್ನಿಯಲ್ಲಿ ರಂಗವೇರಿತು. ಮದರಾಸಿನ 1933ರ ನಂಬೂದಿರಿ ಕಾಯ್ದೆ ತಮ್ಮಂದಿರ ಸ್ವಜಾತಿ ಮದುವೆಗೂ ದಾರಿ ಬಿಟ್ಟಿತು. ಮನೆಯ ಯಜಮಾನಿಕೆಯೆಂಬ ಗಂಡಸ್ತನ ತಮ್ಮಂದಿರನ್ನೂ ಹಿಂಡಿತ್ತು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಅವರ ಸಂಕಟಕ್ಕೆ ಸಭೆಯಿತ್ತು, ಅಧ್ಯಕ್ಷರಿದ್ದರು, ಪತ್ರಿಕೆಯಿತ್ತು. ಹೆಂಗಸರ ಮಾತು ಸಭೆಗೆ ಬಂದದ್ದು ಪಾರ್ವತಿ ನೆನ್ಮಿನಿಮಂಗಲಂ, ಆರ್ಯಾ ಪಳ್ಳಂ ತಾವೇ ಓಲೆಕೊಡೆ ಬಿಟ್ಟು ಎದ್ದು ನಿಂತ ಮೇಲೆ. 1934ರಲ್ಲಿ ವಿ.ಟಿ.ಯವರ ಹೆಂಡತಿಯ ತಂಗಿ, ವಿಧವೆ ಉಮಾ ಅಂತರ್ಜನಂ, ಎಂ.ಆರ್. ಭಟ್ಟತಿರಿಪ್ಪಾಡರನ್ನು ಮದುವೆಯಾದರು.