ಸಣ್ಣ ಗಣಿಗಳ ಹೆಣ್ಣಾಳುಗಳ ಮೇಲಿನ ದೌರ್ಜನ್ಯ: ಕರ್ನಾಟಕದ ಇತಿಹಾಸ

ಕದ್ರಾ ಅಣೆಕಟ್ಟು ದಾಟಿ ಕಾಳಿ ನದಿ ಕಡಲು ಸೇರುವ ಕಾರವಾರದಲ್ಲೂ ಪಕ್ಕದ ಅಂಕೋಲಾದಲ್ಲೂ ಮನೆಯ ಗೋಡೆಗೆ ಚಿರೆಕಲ್ಲು ಬೇಕು. ಈ ಕಲ್ಲನ್ನು ಕಾನೂನು ಹೆಸರು ಹಿಡಿದೇ ಬೇರೆ ಇಟ್ಟಿತ್ತು. ಚಿರೆಕಲ್ಲು, ಮರಳು, ಕಟ್ಟಡದ ಕಲ್ಲು ತೆಗೆಯುವ ತೆರೆದ ಗುಂಡಿ 6 ಮೀಟರಿಗಿಂತ ಆಳವಿಲ್ಲದೆ, ಆಳುಗಳು 50 ಮೀರದೆ, ಸಿಡಿಮದ್ದೂ ಬಳಸದಿದ್ದರೆ 1952ರ ಗಣಿ ಕಾಯ್ದೆಯ 3ನೇ ಕಲಮು ಮಾಲೀಕನಿಗೆ ಹೆಚ್ಚಿನ ಕಟ್ಟಳೆಗಳಿಂದ ವಿನಾಯಿತಿ ಕೊಟ್ಟಿತು. ಆಳುಗಳ ರಿಜಿಸ್ಟರ್ ಇಡುವ ಹೊಣೆಯೂ ತಪ್ಪಿತು. ಆದರೆ 46ನೇ ಕಲಮು ಹಾಗೇ ಉಳಿಯಿತು: ಹೆಂಗಸರು ನೆಲದಡಿ ಇಳಿಯುವಂತಿರಲಿಲ್ಲ, ಮೇಲಿನ ಕೆಲಸವೂ ಬೆಳಿಗ್ಗೆ 6ರಿಂದ ಸಂಜೆ 7ರವರೆಗೆ ಮಾತ್ರ ಇತ್ತು. ಮಾಲೀಕನ ಹೊಣೆ ಕಳಚಿತು, ಹೆಣ್ಣಾಳಿನ ನಿರ್ಬಂಧ ಉಳಿಯಿತು. ದೌರ್ಜನ್ಯದ ಇತಿಹಾಸವನ್ನು ಇಲ್ಲಿಂದ ಓದತೊಡಗಬೇಕು, ಏಕೆಂದರೆ ಲೆಕ್ಕದಲ್ಲೇ ಇಲ್ಲದವಳ ಮೇಲೆ ಕೈಮಾಡಿದವನು ಯಾರಿಗೂ ಉತ್ತರ ಹೇಳಬೇಕಿಲ್ಲ.

ಕರಾವಳಿಯ ಕಲ್ಲಿನ ಗುಂಡಿಗಳಾಚೆಗೂ ಇದೇ ಕಥೆ. 2003ರ ನಂತರ ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿದಾಗ ಹೊಸಪೇಟೆ, ಸಂಡೂರು ಸುತ್ತಿನ ಪಟ್ಟಾ ಜಮೀನುಗಳೂ ಗಣಿಗಳಾದವು. ಗಂಡ, ಹೆಂಡತಿ, ಮಕ್ಕಳು ಕೂಡಿ ಸುತ್ತಿಗೆಯಲ್ಲಿ ಅದಿರು ಒಡೆದರು. ಇಂಥ ಕಡೆ ಕೂಲಿ ಸಂಸಾರಕ್ಕೆ ಒಟ್ಟಾಗಿ ಸಿಗುತ್ತದೆ, ಗಂಡಸಿನ ಕೈಗೆ ಬರುತ್ತದೆ. ಮುಂಗಡ ಪಡೆದಿದ್ದರೆ ಬಿಟ್ಟು ಹೋಗುವಂತೆಯೂ ಇಲ್ಲ. ಅದೇ ಅದಿರು ಅಂಕೋಲಾದ ಬೇಲೆಕೇರಿ ಬಂದರಿಗೆ ಬಂತು. 2010ರಲ್ಲಿ ಅಲ್ಲಿ ಜಪ್ತಿಯಾದ ಅದಿರೇ ಮಾಯವಾದಾಗ ಟನ್ನು ಟನ್ನಿಗೂ ಲೆಕ್ಕ ಕೇಳಲಾಯಿತು. ಒಡೆದವರ ಲೆಕ್ಕ ಅಷ್ಟು ಜೋರಾಗಿ ಯಾರೂ ಕೇಳಲಿಲ್ಲ.

ಗಂಡ ಹೆಂಡತಿಗೆ ಹೊಡೆಯುವುದು ಮನೆಯೊಳಗಿನ ಹಿಂಸೆ, ಅದನ್ನು ಗಣಿಗೆ ಅಂಟಿಸುವುದೇಕೆ ಎಂದು ಕೇಳುವವರಿದ್ದಾರೆ. ಹೊಡೆಯುವ ಗಂಡ ಎಲ್ಲೆಡೆಯೂ ಇದ್ದಾನು. ಆದರೆ ಹೆಂಡತಿಯ ದುಡಿಮೆಯ ಕಾಸನ್ನೂ ಅವನಿಗೇ ಎಣಿಸಿಕೊಡುವುದು ಗುತ್ತಿಗೆಯ ಪದ್ಧತಿ. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ರಿಜಿಸ್ಟರ್ ಕೇಳುವುದೇ ಇಲ್ಲ, ಹತ್ತಕ್ಕಿಂತ ಕಡಿಮೆ ಆಳುಗಳಿರುವ ಕಡೆಯವರೂ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರಬಹುದು. ನಿಜ. ಆದರೆ ದೂರಿಗೆ ಮೂರು ತಿಂಗಳ ಗಡುವಿದೆ, ನಾಳೆಯ ಕೆಲಸ ಮಾತ್ರ ಕಿರುಕುಳ ಕೊಟ್ಟ ಮೇಸ್ತ್ರಿಯ ಕೈಯಲ್ಲೇ ಇದೆ. ಹಾಗಾದರೆ ಹೆಂಗಸರನ್ನು ಗಣಿಯಿಂದ ದೂರ ಇಡುವುದೇ ಕ್ಷೇಮ ಎಂಬ ವಾದ 46ನೇ ಕಲಮಿನಷ್ಟೇ ಹಳೆಯದು. ಅದರಿಂದ ಹೆಂಗಸರ ಕೆಲಸ ನಿಲ್ಲಲಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ತೆರೆದ ಗಣಿಗಳಲ್ಲಿ ಅವರ ರಾತ್ರಿ ಪಾಳಿಗೂ ಅನುಮತಿಸಿತು: ಲಿಖಿತ ಒಪ್ಪಿಗೆ ಇರಬೇಕಿತ್ತು, ಪಾಳಿಗೆ ಕನಿಷ್ಠ ಮೂವರು ಹೆಂಗಸರಿರಬೇಕಿತ್ತು. ರಿಜಿಸ್ಟರೇ ಇಲ್ಲದ ಗುಂಡಿಯಲ್ಲಿ ಆ ಒಪ್ಪಿಗೆಯನ್ನು ಬರೆದಿಡಲು ಪುಸ್ತಕವಿರಲಿಲ್ಲ.