ಹಾವಿನ ಅಧ್ಯಯನದಿಂದ ಪಿತೃತ್ವ ಪರೀಕ್ಷೆಯವರೆಗೆ



ಧಾರಾವಾಹಿ ನೋಡುವ ಅಭ್ಯಾಸವಿದ್ದರೆ ಆ ದೃಶ್ಯ ನಿಮಗೆ ಚೆನ್ನಾಗಿ ಗೊತ್ತು. ತುಂಬಿದ ಮನೆ, ಕಂದು ಲಕೋಟೆ, ನಡುಗುವ ಕೈ, ಒಬ್ಬೊಬ್ಬರ ಮುಖದ ಮೇಲೂ ಮೂರು ಮೂರು ಸಲ ಕ್ಯಾಮೆರಾ. ಡಿಎನ್‌ಎ ವರದಿ ಬಂದಿದೆ! ನಾವು ನಕ್ಕು ಸುಮ್ಮನಾಗುತ್ತೇವೆ. ಆದರೆ ಇಂಥ ವರದಿ ನಮ್ಮ ದೇಶದ ನ್ಯಾಯಾಲಯದ ಮೆಟ್ಟಿಲು ಹತ್ತಿದ ನಿಜವಾದ ಕಥೆ ಇನ್ನೂ ಸ್ವಾರಸ್ಯವಾಗಿದೆ.

ಅದಕ್ಕೂ ಮೊದಲು ಹೆಚ್ಚಾಗಿ ಇದ್ದದ್ದು ರಕ್ತದ ಗುಂಪಿನ ಪರೀಕ್ಷೆ. ಅದು ಒಬ್ಬಾತ ತಂದೆ 'ಅಲ್ಲ' ಎಂದು ಹೇಳಬಲ್ಲದು, 'ಹೌದು' ಎನ್ನಲಾರದು. ಚಾರ್ಲಿ ಚಾಪ್ಲಿನ್ ಪ್ರಕರಣ ಕೇಳಿದ್ದೀರಾ? ತಾಯಿಯದು 'ಎ' ಗುಂಪು, ಮಗುವಿನದು 'ಬಿ', ಚಾಪ್ಲಿನ್ನನದು 'ಒ'. ಮಗು ಆತನದಾಗಿರಲು ಸಾಧ್ಯವೇ ಇರಲಿಲ್ಲ. ಆದರೂ 1945ರಲ್ಲಿ ಕ್ಯಾಲಿಫೋರ್ನಿಯಾದ ಜ್ಯೂರಿ ಆತನನ್ನೇ ತಂದೆ ಎಂದಿತು, ಆತ ಜೀವನಾಂಶ ಕೊಡಬೇಕಾಯಿತು. ವಿಜ್ಞಾನ ಹೇಳಿದರೂ ಕೇಳುವ ಮನಸ್ಸು ಬೇಕಲ್ಲ!

1984ರ ಸೆಪ್ಟೆಂಬರ್ 10ರಂದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಅಲೆಕ್ ಜೆಫ್ರೀಸ್ ಒಂದು ಎಕ್ಸ್‌ರೇ ಫಿಲ್ಮ್ ನೋಡುತ್ತಿದ್ದಾಗ, ಅದರ ಮೇಲಿನ ಪಟ್ಟೆಗಳು ಒಬ್ಬೊಬ್ಬರಿಗೂ ಬೇರೆ ಬೇರೆ ಎಂಬುದು ಹೊಳೆಯಿತು. ಮಗುವಿನ ಪಟ್ಟೆಗಳಲ್ಲಿ ಅರ್ಧ ತಾಯಿಯವು, ಉಳಿದರ್ಧ ತಂದೆಯವು. ಅದರ ಮೊದಲ ಉಪಯೋಗ ಯಾವುದು ಗೊತ್ತೇ? 1985ರಲ್ಲಿ ಘಾನಾ ಮೂಲದ ಕುಟುಂಬದ ಹುಡುಗನೊಬ್ಬನನ್ನು 'ಈಕೆಯ ಮಗನಲ್ಲ' ಎಂಬ ಸಂಶಯದ ಮೇಲೆ ಬ್ರಿಟನ್ನಿನ ಅಧಿಕಾರಿಗಳು ತಡೆದಿದ್ದರು. ಪರೀಕ್ಷೆ ಆತನನ್ನು ತಾಯಿಯ ಬಳಿಯೇ ಉಳಿಸಿತು.

ನಮ್ಮ ಕಡೆಯ ಕಥೆ ಆರಂಭವಾಗುವುದು ಹಾವಿನಿಂದ. ಉತ್ತರ ಪ್ರದೇಶದ ಹಳ್ಳಿಯೊಂದರಿಂದ ಬಂದ ಡಾ. ಲಾಲ್‌ಜಿ ಸಿಂಗ್ ಅಭ್ಯಾಸ ಮಾಡುತ್ತಿದ್ದದ್ದು ಹಾವು ಗಂಡಾಗುವುದು, ಹೆಣ್ಣಾಗುವುದು ಹೇಗೆ ಎಂಬುದನ್ನು. ಪಟ್ಟೆ ಕಟ್ಟುಹಾವಿನಲ್ಲಿ ಅವರಿಗೆ ಸಿಕ್ಕ ಡಿಎನ್‌ಎ ತುಣುಕೊಂದು ಮನುಷ್ಯರಲ್ಲೂ ಇತ್ತು, ಅದೂ ಒಬ್ಬೊಬ್ಬರಲ್ಲಿ ಒಂದೊಂದು ಬಗೆಯಾಗಿ! ಹೈದರಾಬಾದಿನ ಸಿಸಿಎಂಬಿ ಸೇರಿದ ಮೇಲೆ, 1988ರಲ್ಲಿ, ಅದರಿಂದಲೇ ಅವರು ನಮ್ಮದೇ ಆದ ಡಿಎನ್‌ಎ ಬೆರಳಚ್ಚು ವಿಧಾನ ರೂಪಿಸಿದರು. ತಾರ್ನಾಕದಿಂದ ಉಪ್ಪಲ್ ಕಡೆಗೆ ಬಸ್ಸಿನಲ್ಲಿ ಹೋಗುವ ಹೈದರಾಬಾದಿನ ಕೇಳುಗರು ಆ ಸಂಸ್ಥೆಯ ಮುಂದೆಯೇ ಎಷ್ಟು ಸಲ ಹಾದು ಹೋಗಿಲ್ಲ!

ಮೊದಲ ಪರೀಕ್ಷೆ ಎದುರಾದದ್ದು ತಲಶ್ಶೇರಿಯಲ್ಲಿ. ಮಂಗಳೂರಿನಿಂದ ರೈಲಿನಲ್ಲಿ ದಕ್ಷಿಣಕ್ಕೆ ಹೊರಟರೆ ಕಣ್ಣೂರು ದಾಟಿದ ಮೇಲೆ ಸಿಗುವ ಊರು. ಮಗುವಿಗೆ ಜೀವನಾಂಶ ಬೇಕೆಂದು ತಾಯಿ ಕೇಳಿದ್ದಳು, ಆ ವ್ಯಕ್ತಿ ಮಗು ತನ್ನದಲ್ಲ ಎಂದಿದ್ದ. ರಕ್ತದ ಮಾದರಿಗಳು ಹೈದರಾಬಾದಿಗೆ ಹೋದವು. ತಂದೆ ಆತನೇ ಎಂದು ವರದಿ ಬಂತು, 1989ರಲ್ಲಿ. ಕೇರಳ ಹೈಕೋರ್ಟ್ ಕೂಡ ಅದನ್ನು ಒಪ್ಪಿತು. ಗಮನಿಸಿ, ಇಲ್ಲಿಯೂ ಪರೀಕ್ಷೆ ನಿಂತದ್ದು ಮಗುವಿನ ಪರವಾಗಿ.

ಯಾವಾಗಲೂ ಹಾಗಾಗುವುದಿಲ್ಲ. ಹೆಂಡತಿಯ ಮೇಲಿನ ಸಂಶಯಕ್ಕೆ ಮಗುವಿನ ರಕ್ತ ಕೇಳುವವರೂ ಇದ್ದಾರೆ. 1872ರ ಸಾಕ್ಷ್ಯ ಕಾಯಿದೆಯ 112ನೇ ಕಲಂ ಇದಕ್ಕೆ ಅಡ್ಡ ನಿಂತಿತ್ತು: ಮದುವೆ ಊರ್ಜಿತದಲ್ಲಿದ್ದಾಗ ಹುಟ್ಟಿದ ಮಗು ಗಂಡನದೇ, ಆ ಕಾಲದಲ್ಲಿ ಇಬ್ಬರೂ ಕೂಡಲು ಅವಕಾಶವೇ ಇರಲಿಲ್ಲವೆಂದು ತೋರಿಸದ ಹೊರತು. 2024ರಲ್ಲಿ ಜಾರಿಯಾದ ಹೊಸ ಕಾಯಿದೆಯಲ್ಲೂ ಈ ಮಾತು ಉಳಿದುಕೊಂಡಿದೆ. ಆದರೆ ಆಗಲೇ ಆಗಿ ಮುಗಿದ ಪರೀಕ್ಷೆ ಬೇರೆಯೇ ಹೇಳಿದರೆ? ವಿಜ್ಞಾನಕ್ಕೇ ಮಣೆ ಎಂದಿತು ಸುಪ್ರೀಂ ಕೋರ್ಟ್, 2014ರಲ್ಲಿ. 2023ರಲ್ಲಿ ಅದೇ ನ್ಯಾಯಾಲಯ, ದಂಪತಿಗಳ ಜಗಳದಲ್ಲಿ ವ್ಯಭಿಚಾರ ಸಾಬೀತು ಮಾಡಲು ಮಗುವನ್ನು ಪರೀಕ್ಷೆಗೆ ಒಡ್ಡಬಾರದು ಎಂದು ಎಚ್ಚರಿಸಿತು. ನನಗಂತೂ ಈ ಎರಡನೆಯದೇ ದೊಡ್ಡ ತೀರ್ಪು. ಬೆಳೆದು ನಿಂತ ಮಗನೇ ಕೇಳಿದರೆ ಮಾತು ಬೇರೆ. 2012ರಲ್ಲಿ ದೆಹಲಿಯಲ್ಲಿ ಎನ್.ಡಿ. ತಿವಾರಿಯವರ ಪ್ರಕರಣದಲ್ಲಿ ಆದದ್ದು ಅದೇ.

ಆರೋಗ್ಯಕ್ಕಾಗಿ ಮಾಡಿಸುವ ಆನುವಂಶಿಕ ತಪಾಸಣೆ ಇದಕ್ಕೆ ಸಂಬಂಧವಿಲ್ಲದ್ದು ಎನ್ನಿಸಬಹುದು. ಥಲಸ್ಸೇಮಿಯಾ ನೋಡಿ. ವಾಹಕರಾದವರಿಗೆ ಸಾಮಾನ್ಯವಾಗಿ ಹೇಳಿಕೊಳ್ಳುವಂಥ ತೊಂದರೆ ಇರುವುದಿಲ್ಲ. ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೆ ಮಾತ್ರ ಪ್ರತಿ ಬಸಿರಿನಲ್ಲೂ ಮಗುವಿಗೆ ತೀವ್ರ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ವಾಹಕರನ್ನು ಗುರುತಿಸಲು ಹಲವು ಸಲ ಡಿಎನ್‌ಎ ಕೂಡ ಬೇಡ, ಹಿಮೋಗ್ಲೋಬಿನ್ನಿನ ಎಚ್‌ಬಿಎ2 ಅಂಶ ಅಳೆದರೆ ಸಾಕು. ಮದುವೆಗೆ ಮೊದಲು ಜಾತಕದ ಜೊತೆ ಇದನ್ನೂ ನೋಡಿಸಿದರೆ ನಷ್ಟವೇನಿಲ್ಲ.

ಆದರೆ ಕಾಯಿಲೆಯ ಮಗುವಿಗಾಗಿ ಇಡೀ ಮನೆಯವರ ಡಿಎನ್‌ಎ ನೋಡುವಾಗ, ಯಾರೂ ಕೇಳದ ಇನ್ನೊಂದು ಉತ್ತರವೂ ಹೊರಬೀಳಬಹುದು: ತಂದೆ ಈತನಲ್ಲ. ಬಂದದ್ದು ಮಗುವಿನ ಔಷಧಕ್ಕೆ, ಸಿಕ್ಕಿದ್ದು ಮನೆ ಒಡೆಯುವ ಸುದ್ದಿ. ಹಾಗಾಗಿ ರಕ್ತ ಕೊಡುವ ಮುನ್ನವೇ ಸಲಹಾ ವೈದ್ಯರನ್ನು ಎರಡು ಮಾತು ಕೇಳಿಟ್ಟುಕೊಳ್ಳಿ: ಹುಡುಕದ ಸಂಗತಿ ಕಂಡರೆ ಯಾರಿಗೆ ಹೇಳುತ್ತೀರಿ? ಬೇಡವೆಂದರೆ ಹೇಳದೆ ಇರುತ್ತೀರಾ? ಉತ್ತರವನ್ನು ಒಪ್ಪಿಗೆ ಪತ್ರದಲ್ಲಿ ಬರೆಸಿಕೊಂಡ ಮೇಲೆ ಸಹಿ ಹಾಕಿ.