ಅಂಟು

ಆಲೆಮನೆಯಲ್ಲಿ ಬೆಲ್ಲ ಮುಟ್ಟಿದ ಕೈಯನ್ನು ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆ ‘ಅಂಟಂಟು’ ಎನ್ನುತ್ತಾರೆ. ಬಾಗಿಲಿನ ವಿನೀರ್, ಅಂದರೆ ಮೇಲೆ ಅಂಟಿಸಿದ ತೆಳು ಮರದ ಪದರ, ಎದ್ದರೆ ‘ಅಂಟು ಬಿಟ್ಟಿದೆ’. ಅಂಟು ದ್ರಾವಿಡ ಪದ, ಕನ್ನಡದಲ್ಲಿ ಕ್ರಿಯಾಪದವೂ ಹೌದು, ನಾಮಪದವೂ ಹೌದು. ತೆಲುಗಿನ ‘ಅಂಟು’ ಪದಕ್ಕೆ ಮುಟ್ಟು ಎಂಬ ಅರ್ಥವೂ ಉಂಟು, ನಮ್ಮ ‘ಅಂಟುರೋಗ’ದಲ್ಲೂ ಆ ಮುಟ್ಟುವಿಕೆಯೇ ಇದೆ. ಹಾಗಾಗಿ ಅಂಟು ಎಂದರೆ ಮೊದಲು ತಾಗುವುದು, ಆಮೇಲಷ್ಟೇ ಗೋಂದು ಎಂಬುದು ನನ್ನ ವಾದ. ಮರಗೆಲಸವೂ ಇದನ್ನು ಒಪ್ಪುತ್ತದೆ. ಎದ್ದ ಅಂಚಿನೊಳಗೆ ದೂಳು, ಹಳೆಯ ಗೋಂದಿನ ಹೊಪ್ಪಳೆ ಉಳಿದಿದ್ದರೆ ಎಷ್ಟು ಫೆವಿಕಾಲ್ ಸುರಿದರೂ ಹಿಡಿಯದು. ತೆಳು ಚಾಕುವಿನಿಂದ ಕೆರೆದು, ಗೋಂದನ್ನು ಒಳಕ್ಕೆ ಸವರಿ, ಪ್ಲಾಸ್ಟಿಕ್ ಹಾಳೆಯ ಮೇಲೆ ಸಮತಟ್ಟಾದ ಹಲಗೆ ಇಟ್ಟು ರಾತ್ರಿಯಿಡೀ ಕ್ಲ್ಯಾಂಪ್ ಬಿಗಿದಾಗಲೇ ಮರ ಮರಕ್ಕೆ ಅಂಟುತ್ತದೆ.

ಮರಗೆಲಸದ ಹಳೆಯ ಗೋಂದಿಗೆ ಪಾರಸಿ ಮೂಲದ ‘ಸರೇಸು’ ಎಂಬ ಪದ ಇತ್ತಲ್ಲ, ಈಗ ‘ಗಮ್’ ಇದೆಯಲ್ಲ ಎನ್ನಬಹುದು. ಅವು ವಸ್ತುವಿನ ಹೆಸರು, ಕೆಲಸದ ಹೆಸರಲ್ಲ. ವಸ್ತುವಾಗಿ ಸರೇಸು ಬಿಸಿಗೂ ತೇವಕ್ಕೂ ಮೆದುವಾಗುತ್ತದೆ. ಹಳೆಯ ಪೆಟ್ಟಿಗೆಯ ಅಂಚಿಗೆ ಒದ್ದೆಬಟ್ಟೆ ಹಾಸಿ ಬೆಚ್ಚನೆಯ ಇಸ್ತ್ರಿ ಒತ್ತಿದರೆ, ಹೊಸ ಗೋಂದಿಲ್ಲದೆಯೂ ಅದು ಮತ್ತೆ ಕೂರಬಲ್ಲದು. ಅಂಟು ಬಿಡಿಸುವುದೂ ನೀರೇ: ನೆಲ ಒರೆಸಿದ ತೇವ ಮೊದಲು ಹೊಗುವುದು ಬಾಗಿಲಿನ ತಳದಂಚಿಗೆ. ಬಾಗಿಲು ನಿಲ್ಲಿಸುವ ಮುನ್ನವೇ ಅಲ್ಲಿಗೆ ವಾರ್ನಿಷ್ ಬಳಿಯಿರಿ.